1988ರ ಭಾನುವಾರ: ಜೋಡಣೆ ಮತ್ತು ಬಳಕೆಯ ಕೈಪಿಡಿ

ಮೊದಲು ಇದನ್ನು ಓದಿ

ಹಳೆಯ ರಾಮಾಯಣ, ಮಹಾಭಾರತ, ಮಾಲ್ಗುಡಿ ಡೇಸ್ ಎಲ್ಲವೂ ಈಗ ಮೊಬೈಲಿನಲ್ಲೇ ಸಿಗುತ್ತವೆ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ನನ್ನ ವಯಸ್ಸಿನವರು ಅವನ್ನು ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿ, "ಅವಾಗಿನಂಗ ಇಲ್ಲ ಬಿಡಪ್ಪ" ಎಂದು ಆಫ್ ಮಾಡುತ್ತಾರೆ. ಭೀಷ್ಮ ಅವನೇ, ಬಾಣವೂ ಅದೇ. ಕಾರ್ಯಕ್ರಮ ಕೆಟ್ಟಿಲ್ಲ, ಬಿಡಿಭಾಗ ಕಡಿಮೆ ಬಿದ್ದಿವೆ. ದಿಲ್ಲಿಯವರು ಕಳಿಸುತ್ತಿದ್ದುದು ಅರ್ಧ ಸಾಮಾನು ಮಾತ್ರ, ಉಳಿದರ್ಧವನ್ನು ನಾವೇ ಊರಲ್ಲಿ ಹೊಂದಿಸಿಕೊಳ್ಳುತ್ತಿದ್ದೆವು. ಹೊಂದಿಸಿದವರಲ್ಲಿ ಬಹಳ ಜನ ಈಗಿಲ್ಲ. ಇದ್ದವರಿಗೆ ಮಂಡಿನೋವು, ಮಾಳಿಗೆ ಹತ್ತಲಾರರು. ಆದ್ದರಿಂದ ಕ್ರಮವನ್ನು ಇಲ್ಲಿ ಬರೆದಿಟ್ಟಿದೆ.

ಬೇಕಾಗುವ ಸಾಮಾನು

ಒಂದು ಟಿವಿ. ಅದು ನಿಮ್ಮದಾಗಿರಬಾರದು, ಇದು ಬಹಳ ಮುಖ್ಯ. ಸ್ವಂತ ಟಿವಿಯಲ್ಲಿ ನೋಡಿದರೆ ಈ ಕೈಪಿಡಿಯ ಯಾವ ಫಲವೂ ಸಿಗುವುದಿಲ್ಲ. ಶೇಂಗಾ ವ್ಯಾಪಾರ ಮಾಡುವ ಸಾವ್ಕಾರರದಾದರೆ ಉತ್ತಮ, ಹೈಸ್ಕೂಲ್ ಮೇಷ್ಟ್ರದಾದರೂ ನಡೆದೀತು. ಡಯನೋರಾ, ಸಾಲಿಡೇರ್, ಇಸಿ, ಯಾವುದಾದರೂ ಸರಿ, ಆದರೆ ಕಪ್ಪು-ಬಿಳುಪಾಗಿರಲಿ. 1982ರಲ್ಲಿ ದಿಲ್ಲಿಗೆ ಬಣ್ಣ ಬಂದ ಸುದ್ದಿ ನಮ್ಮ ಕಡೆ ಪೇಪರಿನಲ್ಲಷ್ಟೇ ಬಂದಿತ್ತು. ಮರದ ಪೆಟ್ಟಿಗೆ, ಎರಡು ಬದಿಗೆ ಸರಿಯುವ ಶಟರು, ಶಟರಿಗೆ ಬೀಗ, ಬೀಗದ ಕೈ ಸಾವ್ಕಾರರ ಉಡದಾರದಲ್ಲಿ. ಪರದೆಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ: ಮೇಲೆ ನೀಲಿ, ಕೆಳಗೆ ಹಸಿರು. ಇದನ್ನು ಹಾಕಿದರೆ ಹಸ್ತಿನಾಪುರದ ಅರಮನೆಯೊಳಗೂ ಹುಲ್ಲು ಬೆಳೆಯುತ್ತದೆ, ಸುದ್ದಿ ಓದುವವರ ತಲೆಗೂದಲು ಕೃಷ್ಣನ ಬಣ್ಣಕ್ಕೆ ತಿರುಗುತ್ತದೆ. ಯಾರೂ ತಕರಾರು ಮಾಡಬಾರದು. ಸಾವ್ಕಾರರು ಅದನ್ನು ಕಲರ್ ಟಿವಿ ಎಂದೇ ಹೇಳುತ್ತಿರುತ್ತಾರೆ.

ಮಣ್ಣಿನ ಮಾಳಿಗೆ ಮನೆ, ಬೆಳಕಿಂಡಿ ಸಮೇತ. ಆರ್‌ಸಿಸಿ ನಡೆಯದು, ಕಾರಣ ಮುಂದೆ ಬರುತ್ತದೆ.

ಹನ್ನೆರಡು-ಹದಿಮೂರರ ಒಬ್ಬ ಹುಡುಗ, ಹಗುರ ಮೈಯವನು. ಒಬ್ಬ ಅಜ್ಜಿ. ಬಯಲಾಟದಲ್ಲಿ ಪಾರ್ಟು ಮಾಡಿದ ಒಬ್ಬ ಮುದುಕ. ಹುರಿದ ಶೇಂಗಾ ಒಂದು ಸೇರು.

ಆಂಟೆನಾ ತಿರುಗಿಸುವ ಕ್ರಮ

ನಮ್ಮ ಕಡೆಯವರಿಗೆ ಟಿವಿ ತಡವಾಗಿ ಒಲಿಯಿತು. ತುಂಗಭದ್ರೆಯ ಆಚೆ ದಂಡೆಯ ರಾಯಚೂರು ಜಿಲ್ಲೆಯ ಹಳ್ಳಿಗಳು 1975-76ರಲ್ಲೇ, ಅಮೆರಿಕದ ಉಪಗ್ರಹದಿಂದ ನೇರವಾಗಿ, ಕೋಳಿಗೂಡಿನ ಜಾಳಿಗೆಯಂಥ ದೊಡ್ಡ ಛತ್ರಿ ಇಟ್ಟುಕೊಂಡು ಟಿವಿ ನೋಡಿಬಿಟ್ಟಿದ್ದವು. ಸೈಟ್ ಎಂಬ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ನಾವು ಬಳ್ಳಾರಿ ಜಿಲ್ಲೆಯವರು, ಹೊಳೆಯ ಈಚೆ ಕೂತು ರೇಡಿಯೋದಲ್ಲಿ ಕೃಷಿರಂಗ ಕೇಳುತ್ತಿದ್ದೆವು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ, ಆದರೆ ಬೆಂಗಳೂರು ನಮಗೆ ದಿಲ್ಲಿಗಿಂತ ದೂರ. ಪ್ರಸಾರ ಗೋಪುರಗಳು ಅಲ್ಲಲ್ಲಿ ಎದ್ದ ಮೇಲೂ ಮೊದಮೊದಲು ನಮಗೆ ಬಂದದ್ದು ಹೆಚ್ಚಾಗಿ ಹಿಂದಿಯೇ.

ಆಂಟೆನಾವನ್ನು ಕಬ್ಬಿಣದ ಪೈಪಿಗೆ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸಿ. ಪೈಪಿನ ಬುಡ ಚೌಳುಮಣ್ಣಿನೊಳಗೆ ಇಳಿದ ಜಾಗದಿಂದ ಮುಂದಿನ ಮಳೆಗಾಲದಲ್ಲಿ ಸೋರುವುದು ಖಂಡಿತ, ಕೆಳಗೆ ತಪ್ಪಲೆ ಇಟ್ಟುಕೊಳ್ಳಿ. ಅಲ್ಯೂಮಿನಿಯಂ ಕಡ್ಡಿಗಳ ಸಾಲು ಗೋಪುರದ ಕಡೆ ಮುಖ ಮಾಡಿರಬೇಕು. ಗೋಪುರ ಯಾವ ಕಡೆ ಇದೆ ಎಂಬುದರ ಮೇಲೆ ಊರಲ್ಲಿ ಎರಡು ಪಕ್ಷಗಳಿರಬೇಕು. ಬಳ್ಳಾರಿ ಪಕ್ಷದವರು ಪೂರ್ವಕ್ಕೆ, ದಾವಣಗೆರೆ ಪಕ್ಷದವರು ದಕ್ಷಿಣಕ್ಕೆ ಎಳೆಯುತ್ತಾರೆ. (ಮುಂದೆ ಹರಪನಹಳ್ಳಿ ತಾಲ್ಲೂಕು ಕೂಡ ಇದೇ ಆಂಟೆನಾದ ಜಾತಕ ಪಡೆಯಿತು. 1997ರಲ್ಲಿ ದಾವಣಗೆರೆಗೆ ತಿರುಗಿಸಿದರು, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಚಿತ್ರ ಸ್ಪಷ್ಟವಾಯಿತೋ ಇಲ್ಲವೋ ಅಲ್ಲಿಯವರನ್ನೇ ಕೇಳಬೇಕು.)

ಹುಡುಗನನ್ನು ಮಾಳಿಗೆಗೆ ಹತ್ತಿಸಿ. ಭಾರದವರು ಹತ್ತಿದರೆ ಜಂತಿಯ ಸಂದಿಯಿಂದ ಮಣ್ಣು ಉದುರಿ ಕೆಳಗಿನವರ ತಲೆಯ ಮೇಲೂ ಅಜ್ಜಿಯ ಚಹಾದೊಳಗೂ ಬೀಳುತ್ತದೆ. ಇನ್ನೊಬ್ಬ ಟಿವಿಯ ಬದಿಗೆ ನಿಲ್ಲಲಿ. ಅವರಿಬ್ಬರ ನಡುವಿನ ತಂತಿಯೆಂದರೆ ಬೆಳಕಿಂಡಿ.

"ಬಂತೇನಲೇ?"

"ಇಲ್ಲ... ಬಂತು ಬಂತು... ಏ ಹೋತು! ಹಿಂದಕ ತಿರುಗ್ಸು!"

"ಈಗ?"

"ಚಿತ್ರ ಐತಿ, ದನಿ ಇಲ್ಲ. ಅಲ್ಲೇ ಹಿಡಕಂಡು ನಿಂದ್ರು."

ಕೈಬಿಟ್ಟ ಕೂಡಲೇ ಚಿತ್ರ ಹೋಗುತ್ತದೆ. ಮನುಷ್ಯನ ಮೈಯೂ ಆಂಟೆನಾದ ಒಂದು ಭಾಗವಾಗಿ ಕೆಲಸ ಮಾಡುತ್ತಿರುತ್ತದೆ, ಅದರಲ್ಲಿ ಪವಾಡವೇನಿಲ್ಲ. ಹೀಗಾಗಿ ಹುಡುಗ ಒಂದು ಕೈಯಲ್ಲಿ ಪೈಪು ಹಿಡಿದು, ಹೊಟ್ಟೆಯ ಮೇಲೆ ಮಲಗಿ, ಬೆಳಕಿಂಡಿಯೊಳಗೆ ತಲೆಯಿಟ್ಟು ಇಡೀ ಕಂತು ನೋಡಬೇಕಾಗುತ್ತದೆ. ಅವನಿಗೆ ಕಾಣುವುದು ತಲೆಕೆಳಗಾದ ಅರ್ಜುನ. ಬೆನ್ನಿಗೆ ಬಿಸಿಲು, ಹೊಟ್ಟೆಗೆ ಕಾದ ಮಣ್ಣು. ಊರಿನಲ್ಲೇ ಒಳ್ಳೆಯ ಜಾಗ ಅದು ಎಂದು ನಾನು ಈಗಲೂ ಹೇಳುತ್ತೇನೆ. ಆರ್‌ಸಿಸಿಯಲ್ಲಿ ಈ ಸೌಲಭ್ಯವಿಲ್ಲ.

ಚಿತ್ರ ಮೇಲಿನಿಂದ ಕೆಳಕ್ಕೆ ಉರುಳುತ್ತಿದ್ದರೆ ಹಿಂಬದಿಯ ವರ್ಟಿಕಲ್ ಹೋಲ್ಡ್ ಗುಂಡಿ ತಿರುಗಿಸಿ. ಆಗಲೂ ನಿಲ್ಲದಿದ್ದರೆ ಪೆಟ್ಟಿಗೆಯ ನೆತ್ತಿಗೆ ಒಂದು ಏಟು. ಏಟು ಹಾಕುವ ಹಕ್ಕು ಸಾವ್ಕಾರರಿಗೆ ಮಾತ್ರ.

ಕೂರುವ ವ್ಯವಸ್ಥೆ

ಮಂಚದ ಮೇಲೆ ಮನೆಯವರು, ಚಾಪೆಯ ಮೇಲೆ ಬಂಧುಗಳು, ನೆಲದ ಮೇಲೆ ಹುಡುಗರು, ಕಂಬದ ಹಿಂದೆ ತಡವಾಗಿ ಬಂದವರು. ಹೊರಗೆ ಕಿಟಕಿಯ ಸರಳು ಹಿಡಿದು ನಿಂತವರೂ ಇದ್ದರು. ಅವರು ಒಳಗೆ ಜಾಗ ಸಾಲದೆ ಹೊರಗೆ ನಿಂತಿದ್ದಲ್ಲ, ಯಾರೂ ಒಳಗೆ ಕರೆಯದೆ ನಿಂತಿದ್ದು. ಪರದೆಯ ಮೇಲೆ ರಾಮ ಶಬರಿಯ ಎಂಜಲು ಹಣ್ಣು ತಿನ್ನುತ್ತಿದ್ದಾಗ ಕಿಟಕಿಯಾಚೆಯವರೂ ಕೈಮುಗಿದರು, ಒಳಗಿನವರೂ ಮುಗಿದರು, ಕಿಟಕಿ ಮಾತ್ರ ಅಲ್ಲೇ ಇತ್ತು. ಈ ಒಂದು ಬಿಡಿಭಾಗವನ್ನು ದಯವಿಟ್ಟು ಮತ್ತೆ ಜೋಡಿಸಬೇಡಿ. ಮುಂದೆ ಪಂಚಾಯ್ತಿ ಕಟ್ಟೆಗೆ ಟಿವಿ ಬಂದ ಊರುಗಳಲ್ಲಿ ಜನ ಸಾವ್ಕಾರರ ಮನೆ ಬಿಟ್ಟು ಅಲ್ಲಿಗೆ ನಡೆದದ್ದು ಬರೀ ಪುಕ್ಕಟೆ ಎಂದಲ್ಲ.

ಭಾಷೆ ಬಾರದಿದ್ದಲ್ಲಿ

ಬರುವುದೇ ಇಲ್ಲ, ಚಿಂತೆ ಬೇಡ. ರಮಾನಂದ ಸಾಗರರ ರಾಮಾಯಣ 1987ರ ಜನವರಿ 25ರಿಂದ 1988ರ ಜುಲೈ 31ರ ತನಕ 78 ಕಂತು ಓಡಿತು. ಅಕ್ಟೋಬರ್ 2ಕ್ಕೆ ಬಿ.ಆರ್. ಚೋಪ್ರಾರ ಮಹಾಭಾರತ ಹಿಡಿದುಕೊಂಡಿತು, 1990ರ ಜೂನ್ ತನಕ 94 ಕಂತು. ಇಷ್ಟೂ ಕಂತುಗಳನ್ನು ನಮ್ಮೂರು ಒಂದು ವಾಕ್ಯ ಹಿಂದಿ ಬಾರದೆ ನೋಡಿತು, ಮತ್ತು ಪೂರ್ತಿ ಅರ್ಥ ಮಾಡಿಕೊಂಡಿತು. ಇದಕ್ಕೆ ಅಜ್ಜಿಯನ್ನು ಟಿವಿಯ ಹತ್ತಿರ, ಸ್ಪೀಕರಿಗಿಂತ ಮುಂದೆ ಕೂರಿಸಬೇಕು. ಪಾತ್ರ ಬಾಯಿ ತೆರೆಯುವ ಮುಂಚೆ ಅಜ್ಜಿ ಹೇಳಿಬಿಡುತ್ತಾಳೆ: "ಈಗ ನೋಡು, ಆ ಕೈಕೇಯಿ ಎರಡು ವರ ಕೇಳ್ತಾಳ." ಕೈಕೇಯಿ ಕೇಳುತ್ತಾಳೆ. ಅಜ್ಜಿ ಹೇಳಿದ್ದನ್ನು ಪಾಲಿಸಿದ ಖುಷಿ ಕೈಕೇಯಿಯ ಮುಖದಲ್ಲಿ ಕಾಣುತ್ತಿತ್ತು ಎಂದೇ ನಾವು ನಂಬಿದ್ದೆವು. ಕೆಲವು ಸಲ ದಿಲ್ಲಿಯವರು ಕಥೆ ತಪ್ಪಿಸುತ್ತಿದ್ದರು. ಆಗ ಅಜ್ಜಿ ಅವರನ್ನು ತಿದ್ದಿ, ನಮಗೆ ಸರಿಯಾದ್ದನ್ನು ಹೇಳಿ, ಮುಂದುವರಿಯಲು ಅಪ್ಪಣೆ ಕೊಡುತ್ತಿದ್ದಳು.

ಮಹಾಭಾರತಕ್ಕೆ ಅಜ್ಜಿ ಸಾಲಳು, ಬಯಲಾಟದ ಮುದುಕನನ್ನೂ ಕರೆತನ್ನಿ. ಕೂಡ್ಲಿಗಿ, ಹಡಗಲಿ ಸೀಮೆಯಲ್ಲಿ ದೊಡ್ಡಾಟವೆಂದರೆ ರಾತ್ರಿ ಶುರುವಾಗಿ ಕೋಳಿ ಕೂಗುವ ತನಕ. ಮುಂದೆ ಉಪಮುಖ್ಯಮಂತ್ರಿಯಾದ ಎಂ.ಪಿ. ಪ್ರಕಾಶ್ ಹಡಗಲಿಯಲ್ಲಿ ರಂಗಭಾರತಿ ಕಟ್ಟಿದ್ದು ಇಂಥ ಪ್ರೇಕ್ಷಕರ ಸೀಮೆಯಲ್ಲೇ. ಕೌರವನ ಪಾರ್ಟು ಮಾಡಿ ಮಾಡಿ ಗಂಟಲು ಕಂಚಾಗಿದ್ದ ಮುದುಕನಿಗೆ ಪುನೀತ್ ಇಸ್ಸಾರ್‌ನ ದುರ್ಯೋಧನ ಹಿಡಿಸಲೇ ಇಲ್ಲ. "ಮೈಕಟ್ಟೇನೋ ಐತಿ. ಭುಜಕೀರ್ತಿ ಎಲ್ಲಿ? ಬಂದಾಗಿಂದ ಒಂದು ಹೆಜ್ಜಿ ಕುಣಿದಿಲ್ಲ. ನಿಂತಲ್ಲೇ ಮಾತಾಡಿದ್ರ ಅದು ಕೌರವನೋ, ಕಾರಕೂನನೋ?" ಎನ್ನುತ್ತಿದ್ದ. ಅವನು ಮೆಚ್ಚಿದ್ದು ಒಬ್ಬನನ್ನೇ, ಮುಖವೇ ಇಲ್ಲದವನನ್ನು. ಕಂತು ಶುರುವಾಗುವಾಗ ಚಕ್ರ ತಿರುಗುತ್ತಾ ಒಂದು ಗಂಭೀರ ದನಿ ಕೇಳುತ್ತದಲ್ಲ, ಹರೀಶ್ ಭಿಮಾನಿಯ ದನಿ. ದಿಲ್ಲಿಯವರ ಪ್ರಕಾರ ಅವನು ಕಾಲಪುರುಷ. ಮುದುಕ ಮೊದಲ ದಿನವೇ ತೀರ್ಮಾನ ಕೊಟ್ಟ: "ಇವ ಸಾರಥಿ. ಇವನಿಲ್ದ ಆಟ ಹೆಂಗ ನಡದೀತು?" ದೊಡ್ಡಾಟದಲ್ಲಿ ಬಂದ ಬಂದ ಪಾತ್ರವನ್ನು ಮಾತಾಡಿಸಿ ಸಭೆಗೆ ಪರಿಚಯಿಸುವವನು ಸಾರಥಿಯೇ. ರಾಹಿ ಮಾಸೂಮ್ ರಜಾ ಬರೆದದ್ದನ್ನು ಇಷ್ಟು ಚೊಕ್ಕವಾಗಿ ಕನ್ನಡಕ್ಕೆ ತಂದವರನ್ನು ನಾನು ಬೇರೆ ಕಂಡಿಲ್ಲ.

ಮಾಲ್ಗುಡಿ ಡೇಸ್‌ಗೆ ಬೇರೆ ಸೆಟ್ಟಿಂಗು ಬೇಕು. ಇಲ್ಲಿ ಮುಖಗಳೆಲ್ಲ ನಮ್ಮವು: ಮಾಸ್ಟರ್ ಮಂಜುನಾಥ್, ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಅನಂತನಾಗ್, ಒಂದು ಕಂತಿನಲ್ಲಿ ವಿಷ್ಣುವರ್ಧನ್ ಕೂಡ. ಊರು ಆಗುಂಬೆ, ನಿರ್ದೇಶಕ ಶಂಕರ್‌ನಾಗ್. ಮಾತು ಮಾತ್ರ ಹಿಂದಿ. ಅಜ್ಜಿ ಕೇಳಿದಳು: "ಇವ್ರೆಲ್ಲ ನಮ್ಮೋರಲ್ಲೇನು? ಯಾಕ ತುರುಕ್ರ ಮಾತು ಆಡ್ತಾರ?" ಉತ್ತರ ಯಾರಲ್ಲೂ ಇರಲಿಲ್ಲ. ಎಲ್.ವೈದ್ಯನಾಥನ್ ಅವರ ಆ ಶೀರ್ಷಿಕೆ ಸಂಗೀತಕ್ಕೆ ಮಾತ್ರ ಭಾಷಾಂತರ ಬೇಕಿರಲಿಲ್ಲ, ಶಾಲೆಯಿಂದ ಬರುವಾಗ ಅದನ್ನು ಬಾಯಲ್ಲೇ ನುಡಿಸಿಕೊಂಡು ಬರುತ್ತಿದ್ದೆವು.

ಶಂಕರ್‌ನಾಗ್ ಹೋದದ್ದು 1990ರ ಸೆಪ್ಟೆಂಬರ್ 30ರಂದು, ನಮ್ಮ ಪಕ್ಕದ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ, ಕಾರು ಅಪಘಾತದಲ್ಲಿ. ವಯಸ್ಸು 35. ಹರಪನಹಳ್ಳಿಯಿಂದ ದಾವಣಗೆರೆಗೆ ಓಡಾಡುವ ಬಸ್ಸುಗಳು ಆ ಸುದ್ದಿಯನ್ನು ಪೇಪರಿಗಿಂತ ಮೊದಲೇ ತಂದವು. ಆಟೋದವರು ಅವನ ಫೋಟೋ ಅಂಟಿಸಿಕೊಂಡದ್ದನ್ನು ಇಂದಿಗೂ ಕಿತ್ತಿಲ್ಲ. ಗುಂಡಿ ಒತ್ತಿ ಹಳೆಯ ಕಂತು ನೋಡುವವರು ಆ ಹೆಸರು ಬಂದಾಗ ಫಾರ್ವರ್ಡ್ ಮಾಡಕೂಡದು.

ಕರೆಂಟು

ಹೋಗುತ್ತದೆ. ಹೋಗದಿದ್ದರೆ ವೋಲ್ಟೇಜ್ ಬೀಳುತ್ತದೆ, ಊರ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ ಚಿತ್ರ ನಾಲ್ಕೂ ಬದಿಯಿಂದ ಕುಗ್ಗಿ ಭೀಮ ನಕುಲನಷ್ಟಾಗುತ್ತಾನೆ. 12 ವೋಲ್ಟಿನ ಸಣ್ಣ ಟಿವಿ ಇದ್ದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತನ್ನಿ. ಅಂದು ಒಬ್ಬರ ಹೊಲ ಉಳುಮೆಯಿಲ್ಲದೆ ಉಳಿಯುತ್ತದೆ. ಹೊಲದ ಯಜಮಾನನಿಗೆ ಮಂಚದ ಮೇಲೆ ಜಾಗ ಕೊಡಿ.

ಅನುಬಂಧ: ಹಾಡು

ಬುಧವಾರ ರಾತ್ರಿ ಸಿಲೋನ್ ಹಿಡಿಯುವ ವಿದ್ಯೆ ನಮ್ಮ ಅಣ್ಣಂದಿರ ಕಾಲದ್ದು. ಶಾರ್ಟ್‌ವೇವಿನ ಅಲೆಯಲ್ಲಿ ಅಮೀನ್ ಸಯಾನಿಯ ದನಿ ಹತ್ತಿರ ಬಂದು ದೂರ ಹೋಗುತ್ತಿತ್ತು, ಬಿನಾಕಾ ಗೀತ್‌ಮಾಲಾದಲ್ಲಿ ಆ ವಾರ ಮೊದಲು ಬಂದ ಹಾಡು ಯಾವುದೆಂದು ಹೇಳುವ ಹೊತ್ತಿಗೆ ಸರಿಯಾಗಿ ದೂರ. ನಮ್ಮ ಕಾಲಕ್ಕೆ ಕ್ಯಾಸೆಟ್ ಬಂದಿತ್ತು.

ಅಂಗಡಿಯಲ್ಲಿ ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಳ್ಳಿ. ನೋಟ್‌ಬುಕ್ಕಿನ ಹಾಳೆ ಹರಿದು ಹಾಡುಗಳ ಪಟ್ಟಿ ಬರೆಯಿರಿ, ಒಂದು ಬದಿಗೆ ಆರು, ಇನ್ನೊಂದು ಬದಿಗೆ ಆರು. ಅಂಗಡಿಯವನು ಪಟ್ಟಿ ನೋಡಿ ಮೂಗು ಮುರಿದು ತನಗೆ ಬೇಕಾದ ಎರಡು ಹಾಡು ಸೇರಿಸಿಯೇ ಸೇರಿಸುತ್ತಾನೆ, ಹಣ ನಿಮ್ಮದೇ. ಸುರುಳಿ ಸುತ್ತಲು ಸೆಲ್ ಖರ್ಚು ಮಾಡದೆ ಪೆನ್ಸಿಲ್ ತೂರಿಸಿ ತಿರುಗಿಸಿ. ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರು ಮುರಿದಿದ್ದರೆ ಅದರ ಮೇಲೆ ಮತ್ತೆ ತುಂಬಿಸಲಾಗದು, ಚೂರಿದ್ದ ತೂತಿಗೆ ಕಾಗದ ತುರುಕಿದರೆ ಆಗುತ್ತದೆ. ಎಚ್ಚರಿಕೆ: ಅಪ್ಪನ ಕೊಟ್ಟೂರೇಶ್ವರ ಭಜನೆಯ ಕ್ಯಾಸೆಟ್ಟಿಗೆ ಕಾಗದ ತುರುಕಬೇಡಿ. ಪ್ರೇಮಲೋಕದ ಎರಡು ಹಾಡಿನ ನಡುವೆ ಅರ್ಧ ಸೆಕೆಂಡು ತಾಳ ಕೇಳಿಸಿಯೇ ಕೇಳಿಸುತ್ತದೆ, ಅಪ್ಪನ ಕಿವಿ ಚುರುಕು.

1987ರ ಪ್ರೇಮಲೋಕವೇ ನಮ್ಮ ಪಾಪ್. ಮೈಕಲ್ ಜಾಕ್ಸನ್ ಬಂದದ್ದು ಆಮೇಲೆ, ಶಾಲೆಯ ಗ್ಯಾದರಿಂಗಿನಲ್ಲಿ, ಬೆಲ್ಟಿಗೆ ಬೆಳ್ಳಿ ಕಾಗದ ಸುತ್ತಿಕೊಂಡು ಹಿಂದಕ್ಕೆ ಜಾರುತ್ತ ಜಾರುತ್ತ ಸ್ಟೇಜಿನಿಂದ ಬಿದ್ದವನ ರೂಪದಲ್ಲಿ. ಹಂಸಲೇಖ ಮಾತ್ರ ನಮ್ಮ ಬಾಯಿಗೇ ಇಳಿದಿದ್ದರು. ಆ ಹಾಡುಗಳಲ್ಲಿ ಹುಡುಗ ಹುಡುಗಿ ಮಾತಾಡಿದಂತೆಯೇ ಹಾಡುತ್ತಿದ್ದುದರಿಂದ ಕಲಿಯುವುದು ಸಲೀಸು. ಖಾಸಗಿ ಬಸ್ಸಿನ ಡ್ರೈವರ್ ದಾವಣಗೆರೆ ಮುಟ್ಟುವುದರೊಳಗೆ ಎರಡು ಬದಿಯನ್ನೂ ಮುಗಿಸುತ್ತಿದ್ದ. ಹಾಡು ನಡುವಿದ್ದರೆ ಇಳಿಯುವವರೂ ಬಾಗಿಲಲ್ಲಿ ಸ್ವಲ್ಪ ತಡೆಯುತ್ತಿದ್ದರು, ಕಂಡಕ್ಟರ್ ಸೀಟಿ ಊದುತ್ತಿರಲಿಲ್ಲ. ಕೊಟ್ಟೂರು ತೇರಿನ ಸಾಲಂಗಡಿಗಳಲ್ಲಂತೂ ಒಂದು ಲೌಡ್‌ಸ್ಪೀಕರಿನಲ್ಲಿ ರವಿಚಂದ್ರನ್, ಪಕ್ಕದ್ದರಲ್ಲಿ ಗುರುರಾಜ ಹೊಸಕೋಟೆಯ ಜಾನಪದ, ಅದರಾಚೆ ಶರೀಫರ ತತ್ವಪದ. ಇದನ್ನು ಮನೆಯಲ್ಲಿ ಮರುಸೃಷ್ಟಿಸಲು ಮೂರು ಮೊಬೈಲು ಒಟ್ಟಿಗೆ ಹಾಕಿ, ಕೈಯಲ್ಲಿ ಮಂಡಕ್ಕಿ-ಮಿರ್ಚಿ ಹಿಡಿದು ನಡುವೆ ನಿಲ್ಲಿ. ಮಿರ್ಚಿ ಬಿಸಿಯಿರಬೇಕು.

ಆಫ್ ಮಾಡುವ ಕ್ರಮ

ಗುಂಡಿ ಒತ್ತಿದರೆ ಚಿತ್ರ ಕುಗ್ಗಿ ಪರದೆಯ ನಡುವೆ ಬಿಳಿ ಚುಕ್ಕೆಯಾಗುತ್ತದೆ. ಅದು ಆರುವ ತನಕ ಯಾರೂ ಏಳರು. ಸಾವ್ಕಾರರು ಶಟರು ಎಳೆದು ಬೀಗ ಹಾಕಿ, ಕಸೂತಿ ಬಟ್ಟೆ ಹೊದಿಸುತ್ತಾರೆ. ಮಾಳಿಗೆಯ ಹುಡುಗ ಇಳಿದು ಬಂದು, ಕೊನೆಗೆ ಏನಾಯಿತೆಂದು ಎಲ್ಲರನ್ನೂ ಕೇಳುತ್ತಾನೆ. ಕೊನೆಯಲ್ಲಿ ಅವನ ಕೈ ಸೋತು ಪೈಪು ತಿರುಗಿತ್ತಾದ್ದರಿಂದ ಯಾರಿಗೂ ಗೊತ್ತಿರುವುದಿಲ್ಲ. ಅಜ್ಜಿ ಹೇಳುತ್ತಾಳೆ.

ಟಿಕೀಟಿನ ವಸೂಲಿ ಈಗ. ನೆಲದ ತುಂಬ ಶೇಂಗಾ ಸಿಪ್ಪೆ ಬಿದ್ದಿರುತ್ತದೆ. ಹುಡುಗರು ಮೆಲ್ಲಗೆ ಹೊಸ್ತಿಲು ದಾಟುವಷ್ಟರಲ್ಲಿ ಒಳಗಿನಿಂದ ಅಮ್ಮಾರ ದನಿ ಬರಬೇಕು:

"ಎಲ್ಲಿ ಹೊಂಟ್ರೋ? ಕಸಬರಿಗಿ ಬಾಗ್ಲ ಹಿಂದ ಐತಿ. ಮಂಚದ ಬುಡಕೂ ಹೊಡೀರಿ, ಇಲ್ಲಾಂದ್ರ ಮುಂದಿನ ವಾರ ದ್ರೌಪದಿ ಸೀರಿ ಸೆಳೆಯಾದು ನೀವು ನೋಡಿದಂಗೇ!"