ಬಗರ್ ಹುಕುಂ ಲಿನಕ್ಸ್

ಶಿಕಾರಿಪುರದ ಜೋಳದ ಹೊಲದಲ್ಲಿ ನಿಂತವನ ಜೇಬಿನಲ್ಲೂ ಸೊರಬದ ಶುಂಠಿ ಪಟ್ಟೆಯ ಬದಿಯಲ್ಲಿ ಕೂತವನ ಜೇಬಿನಲ್ಲೂ ಒಬ್ಬ ಶಿರಸ್ತೇದಾರ ಇದ್ದಾನೆ. ಸಂಬಳ ಇಲ್ಲ, ರಜೆ ಇಲ್ಲ, ಮಾಮೂಲಂತೂ ಇಲ್ಲವೇ ಇಲ್ಲ. ಹೆಸರು ಎಸ್‌ಇಲಿನಕ್ಸ್. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2000ದ ಡಿಸೆಂಬರಿನಲ್ಲಿ ಇವನನ್ನು ಲೋಕಕ್ಕೆ ಬಿಟ್ಟಿತು. 2013ರಲ್ಲಿ ಆಂಡ್ರಾಯ್ಡ್ 4.3ರ ಜೊತೆ ಫೋನಿನೊಳಕ್ಕೆ ಬಂದ. ಬಂದ ಹೊಸದರಲ್ಲಿ ತಪ್ಪು ಕಂಡರೆ ಬರೆದಿಟ್ಟುಕೊಳ್ಳುತ್ತಿದ್ದ, ತಡೆಯುತ್ತಿರಲಿಲ್ಲ. ನಮ್ಮ ಎಷ್ಟೋ ಇಲಾಖೆಗಳು ಈಗಲೂ ಆ ಹಂತದಲ್ಲೇ ಇರುವುದರಿಂದ ಇದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮರುವರ್ಷ 5.0 ಬರುವ ಹೊತ್ತಿಗೆ ತಡೆಯಲೂ ಶುರು ಮಾಡಿದ.

ಇವನ ತತ್ವ ಸರಳ. ಕಡತ ನಿನ್ನದೇ ಇರಬಹುದು, ಅದನ್ನು ಯಾರು ಮುಟ್ಟಬೇಕು ಅಂತ ಹೇಳೋದಕ್ಕೆ ನೀನು ಯಾರು? ಪ್ರತಿ ಕಡತಕ್ಕೂ ಪ್ರತಿ ಪ್ರೋಗ್ರಾಮಿಗೂ ಒಂದು ಹಣೆಪಟ್ಟಿ. ಯಾವ ಪಟ್ಟಿಯವನು ಯಾವ ಪಟ್ಟಿಯದನ್ನು ಮುಟ್ಟಬಹುದು ಎಂದು ಬರೆದಿಟ್ಟರೆ ಉಂಟು, ಬರೆಯದಿದ್ದರೆ ಇಲ್ಲ. ಅಜ್ಜನ ಕಾಲದಿಂದ ಉತ್ತು ಬಿತ್ತಿದ ನೆಲಕ್ಕೆ ಪಹಣಿಯಲ್ಲಿ ಹೆಸರಿಲ್ಲದೆ ಬಾಳಿದ ನಮ್ಮ ಸೀಮೆಯವರಿಗೆ ಇದರಲ್ಲಿ ಹೊಸದೇನಿಲ್ಲ.

ಹೊಸದಿರುವುದು ಎರಡನೆಯ ಬೀಗದಲ್ಲಿ. ಅನುಮತಿಯ ಸಾಲು ಬರೆದಾಯಿತು, ಬಾಗಿಲು ತೆರೆಯಿತು ಅಂದುಕೊಳ್ಳುವ ಹಾಗಿಲ್ಲ. ಅದರ ಮೇಲೆ ನಿರ್ಬಂಧದ ಸಾಲು ಎಂದು ಇನ್ನೊಂದಿದೆ. ಅದು ಯಾರಿಗೂ ಏನನ್ನೂ ಕೊಡುವುದಿಲ್ಲ, ಕೊಟ್ಟಿದ್ದನ್ನು ಕತ್ತರಿಸುತ್ತದೆ. ಕೇಳುವವನ ಪಟ್ಟಿಯನ್ನೂ ಕೇಳಿದ ವಸ್ತುವಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ತಾಳೆ ಬೀಳದಿದ್ದರೆ ನೂರು ಅನುಮತಿ ಇದ್ದರೂ ಔಟ್. ಹುಕುಂ ಇಲ್ಲದ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿ ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ, ಸಭೆ ನಡೆದು ಮಂಜೂರಾತಿಗೆ ಸಹಿಯೂ ಬೀಳುತ್ತದೆ. ಸಿಹಿ ಹಂಚಿದ ಮೇಲೆ ಅರಣ್ಯ ಇಲಾಖೆಯವರು ನಕ್ಷೆ ಹರಡಿ, ‘ಇದು ನಮ್ಮದು’ ಅನ್ನುತ್ತಾರೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಎದ್ದು ನಿಲ್ಲುತ್ತದೆ, ಕೇಂದ್ರದ ಒಪ್ಪಿಗೆ ಇಲ್ಲದೆ ಗುಂಟೆಯೂ ಇಲ್ಲ. ಸಾಗುವಳಿ ಚೀಟಿ ಟ್ರಂಕಿನಲ್ಲಿ, ಜಮೀನು ಕಾಡಿನಲ್ಲಿ.

ಹಾಗಾದರೆ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ, 2006ರದ್ದು? ಇದೆ. ಅದರ ನಿರ್ಬಂಧ ಬರೆದವರು ಕಂಪ್ಯೂಟರಿನವರಿಗೂ ಪಾಠ ಹೇಳಬಲ್ಲರು. 2005ರ ಡಿಸೆಂಬರ್ 13ಕ್ಕೆ ಮೊದಲೇ ಅಲ್ಲಿರಬೇಕು. ಬುಡಕಟ್ಟಿನವನಾದರೆ ಅಷ್ಟು ಸಾಕು, ಅಲ್ಲದಿದ್ದರೆ ಆ ದಿನಕ್ಕೆ ಮೂರು ತಲೆಮಾರು ಕಳೆದಿರಬೇಕು. ತಲೆಮಾರಿಗೆ 25ರಂತೆ ಒಟ್ಟು 75 ವರ್ಷ. ಎಂದರೆ 1930ರಲ್ಲಿ, ಮಹಾರಾಜರ ಆಳ್ವಿಕೆಯಲ್ಲಿ, ನಿಮ್ಮ ಮುತ್ತಜ್ಜ ಎತ್ತು ಬಿಟ್ಟು ಅಮಲ್ದಾರರ ಕಚೇರಿಗೆ ನಡೆದು, ‘ಬುದ್ಧೀ, ನಾನು ಸರ್ಕಾರದ ಕಾಡಿನಲ್ಲಿ ಕಳ್ಳತನದಿಂದ ಕೂತಿದ್ದೇನೆ, ದಯವಿಟ್ಟು ಒಂದು ರಸೀದಿ ಕೊಡಿ’ ಎಂದು ಕೈಮುಗಿದು ಕೇಳಿರಬೇಕಿತ್ತು. ಅವನು ಕೇಳಲಿಲ್ಲ, ಅವನ ತಪ್ಪು. ಊರ ಹಿರಿಯರ ಹೇಳಿಕೆಯೂ ಸಾಕ್ಷಿಯೇ ಎಂದು ಕಾಯ್ದೆಯ ನಿಯಮದಲ್ಲೇ ಇದೆ. ಆದರೆ ಹಿರಿಯರಿಗೆ ಮೊಹರು ಇರುವುದಿಲ್ಲವಲ್ಲ.

ಎಸ್‌ಇಲಿನಕ್ಸ್‌ನವರ ಪೆಟ್ಟಿಗೆಯಲ್ಲಿ ‘ಆಡಿಟ್-ಟು-ಅಲೌ’ ಎಂಬ ಒಂದು ಸಲಕರಣೆ ಇದೆ. ಇದನ್ನು ಕಂಡುಹಿಡಿದವರು ಯಾವುದೋ ಜನ್ಮದಲ್ಲಿ ನಮ್ಮ ಕಂದಾಯ ಇಲಾಖೆಯಲ್ಲೇ ಇದ್ದಿರಬೇಕು. ದಿನವಿಡೀ ಯಾರ್‍ಯಾರಿಗೆ ಏನೇನು ನಿರಾಕರಿಸಲಾಯಿತೋ ಆ ಪಟ್ಟಿಯನ್ನು ಇದಕ್ಕೆ ತಿನ್ನಿಸಿದರೆ, ಒಂದೊಂದು ನಿರಾಕರಣೆಗೂ ಒಂದೊಂದು ಅನುಮತಿ ಬರೆದು ಕೊಡುತ್ತದೆ. ಅಕ್ರಮ ಒಳಗೆ, ಸಕ್ರಮ ಹೊರಗೆ. ನಮ್ಮಲ್ಲಿ ಇದರ ಮೊದಲ ಆವೃತ್ತಿಗೆ ನಮೂನೆ 50 ಎಂದು ಹೆಸರು, ಆಮೇಲೆ ನಮೂನೆ 53, 2018ರಲ್ಲಿ ನಮೂನೆ 57. ಗಡುವು ದಾಟುತ್ತದೆ, ಚುನಾವಣೆ ಬರುತ್ತದೆ, ಗಡುವು ಮತ್ತೆ ಹುಟ್ಟುತ್ತದೆ. ಮೊದಲ ನಮೂನೆಯ ಅರ್ಜಿದಾರನ ಮೊಮ್ಮಗ ಮೂರನೆಯ ನಮೂನೆಗೆ ಜೆರಾಕ್ಸ್ ತೆಗೆಸುತ್ತಾನೆ.

ಆದರೆ ಈ ಸಲಕರಣೆಗೂ ಒಂದು ಕಡೆ ಕೈಕಟ್ಟುತ್ತದೆ. ತಡೆದದ್ದು ಅನುಮತಿಯ ಕೊರತೆಯಲ್ಲ, ನಿರ್ಬಂಧದ ಸಾಲು ಎಂದು ಗೊತ್ತಾದರೆ, ಅದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ: ಇದಕ್ಕೆ ಹೊಸ ಅನುಮತಿ ಬರೆದು ಪ್ರಯೋಜನವಿಲ್ಲ, ಕೇಳುವವನ ಅಥವಾ ಕೇಳಿದ್ದರ ಗುಣಲಕ್ಷಣವನ್ನೇ ಬದಲಿಸಬೇಕು. ಬುದ್ಧಿವಂತರು ನಿರ್ಬಂಧ ಬರೆಯುವಾಗಲೇ ಕೊನೆಯಲ್ಲಿ ಒಂದು ಬಾಲ ಬಿಟ್ಟಿರುತ್ತಾರೆ. ಇಬ್ಬರ ಗುರುತೂ ಒಂದೇ ಇರಬೇಕು, ಇಲ್ಲವೇ ಕೇಳುವವನು ಗುರುತು ಬದಲಿಸಬಲ್ಲ ವರ್ಗದವನಾಗಿರಬೇಕು ಅಂತ. ನಿಯಮಕ್ಕೆ ಒಂದು ಗೀರೂ ಬೀಳಬಾರದು. ಮನುಷ್ಯ ಆ ವರ್ಗಕ್ಕೆ ಸೇರಿದರೆ ಆಯಿತು.

ಈ ವಿದ್ಯೆಯಲ್ಲಿ ನಮ್ಮೆರಡು ತಾಲ್ಲೂಕು ದೇಶಕ್ಕೇ ಗುರು. ಸೊರಬದ ಬಂಗಾರಪ್ಪನವರು 2004ರಲ್ಲಿ ಬಿಜೆಪಿಯಿಂದ ಶಿವಮೊಗ್ಗದ ಸಂಸದರಾದರು, 2005ರಲ್ಲಿ ರಾಜೀನಾಮೆ ಕೊಟ್ಟು ಸಮಾಜವಾದಿ ಪಕ್ಷದಿಂದ ಅದೇ ಕ್ಷೇತ್ರದಲ್ಲಿ ಅದೇ ವರ್ಷ ಮತ್ತೆ ಗೆದ್ದರು. ಕಡತ ಅದೇ, ಪಟ್ಟಿ ಬೇರೆ. ಮಕ್ಕಳು ಇನ್ನೂ ನಿಖರ. 2004ರ ಸೊರಬದಲ್ಲಿ ಅಣ್ಣ ಕುಮಾರ್ ಕಾಂಗ್ರೆಸ್, ತಮ್ಮ ಮಧು ಬಿಜೆಪಿ. 2023ರಲ್ಲಿ ಅಣ್ಣ ಬಿಜೆಪಿ, ತಮ್ಮ ಕಾಂಗ್ರೆಸ್. ಎರಡೂ ಸಲ ಕಾಂಗ್ರೆಸ್ಸೇ ಗೆದ್ದಿತು. ಮತದಾರ ಚಂಚಲ ಎಂದು ಯಾರಾದರೂ ಅಂದರೆ ಸೊರಬದವರು ಈ ದಾಖಲೆ ತೋರಿಸಬಹುದು.

ಪಟ್ಟಿ ಬದಲಾವಣೆಗೆಂದೇ ಎಸ್‌ಇಲಿನಕ್ಸ್‌ನಲ್ಲಿ ಪ್ರತ್ಯೇಕ ನಿರ್ಬಂಧವಿದೆ: ಹಳೆಯ ಪಟ್ಟಿ ಯಾವುದು, ಹೊಸದು ಯಾವುದು, ಬದಲಿಸುತ್ತಿರುವವರು ಯಾರು, ಮೂರನ್ನೂ ನೋಡುತ್ತದೆ. ಸಂವಿಧಾನದಲ್ಲಿ ಅದು 1985ರ ಹತ್ತನೇ ಅನುಸೂಚಿ. ಅದಕ್ಕೂ ಬಾಲ ಇತ್ತು: ಮೂರನೇ ಒಂದು ಪಾಲು ಹೋದರೆ ಅದು ಪಕ್ಷಾಂತರವಲ್ಲ, ‘ವಿಭಜನೆ’. 2003ರಲ್ಲಿ ಆ ಬಾಲ ಕತ್ತರಿಸಿದರು, ಮೂರನೇ ಎರಡರ ‘ವಿಲೀನ’ವನ್ನು ಉಳಿಸಿಕೊಂಡರು. ಒಬ್ಬ ಹಾರಿದರೆ ಪಾಪ, ಗುಂಪಾಗಿ ಹಾರಿದರೆ ತೀರ್ಥಯಾತ್ರೆ.

2019ರಲ್ಲಿ ಬಾಲವೂ ಬೇಕಾಗಲಿಲ್ಲ, ರಾಜೀನಾಮೆಯೇ ಸಾಕಾಯಿತು. ಕಾಂಗ್ರೆಸ್, ಜೆಡಿಎಸ್ ಪಾಳೆಯದ 17 ಶಾಸಕರು ಅನರ್ಹರಾದರು. ಸದನ 207ಕ್ಕೆ ಇಳಿಯಿತು, ಬಹುಮತಕ್ಕೆ 104 ಸಾಕಾಯಿತು, ಬಿಜೆಪಿಯಲ್ಲಿ 105 ಇತ್ತು. ಬಗರ್ ಹುಕುಂ ರೈತರ ಪರ ಹೋರಾಡಿ ಬೆಳೆದ ಶಿಕಾರಿಪುರದ ಯಡಿಯೂರಪ್ಪನವರು ಮುಖ್ಯಮಂತ್ರಿ ಕುರ್ಚಿಯಲ್ಲಿ ಭದ್ರವಾದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆ ಸರಿ ಎಂದಿತು, ಮತ್ತೆ ಸ್ಪರ್ಧಿಸಬಹುದು ಎಂದೂ ಹೇಳಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳ ಉಪಚುನಾವಣೆ. ಬಿಜೆಪಿ ಗೆದ್ದ 12ರಲ್ಲಿ 11 ಜನ ಅನರ್ಹರೇ. ಫೆಬ್ರವರಿಯಲ್ಲಿ ಅವರಲ್ಲಿ 10 ಮಂದಿ ಮಂತ್ರಿಗಳು. ನಿರ್ಬಂಧ ಪೂರ್ತಿ ಜಾರಿಯಾಯಿತು, ಒಂದಕ್ಷರವೂ ಮುರಿಯಲಿಲ್ಲ. ಅಕ್ರಮದಿಂದ ಸಕ್ರಮಕ್ಕೆ ಏಳೇ ತಿಂಗಳು! ನಮೂನೆ 50ರ ಫೈಲು ಆ ಹೊತ್ತಿಗೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಬಂದಿದ್ದರೆ ಹೆಚ್ಚು.

ಈಗ ಬಗರ್ ಹುಕುಂಗೂ ಆ್ಯಪ್ ಬಂದಿದೆ. 2005ಕ್ಕೆ ಮೊದಲೇ ಉಳುಮೆ ಇತ್ತೇ ಎಂದು ಉಪಗ್ರಹದ ಚಿತ್ರ ನೋಡುತ್ತಾರೆ. ಒಟ್ಟು ಹಿಡುವಳಿ 4 ಎಕರೆ 38 ಗುಂಟೆ ದಾಟಬಾರದು. ಆಕಾಶದಿಂದಲೇ ಅಳೆಯುವುದರಿಂದ ಗ್ರಾಮ ಆಡಳಿತಾಧಿಕಾರಿಗಳನ್ನು ಒಲಿಸಿಕೊಂಡೂ ಉಪಯೋಗವಿಲ್ಲ. ತಿರಸ್ಕೃತನಾದವನು ಶಾಸಕರಂತೆ ರಾಜೀನಾಮೆ ಕೊಟ್ಟು, ಹೊಸ ಪಟ್ಟಿ ಅಂಟಿಸಿಕೊಂಡು ಅದೇ ಗದ್ದೆಗೆ ವಾಪಸಾಗಬಹುದಿತ್ತು. ರೈತ ಯಾವುದಕ್ಕೆ ರಾಜೀನಾಮೆ ಕೊಡಬೇಕು ಎಂಬ ಕಾಲಂ ಮಾತ್ರ ನಮೂನೆ 57ರಲ್ಲಿ ಇಲ್ಲ.