ದಸರೆಗೆ ಬರುವ ಬೀಗರು

ದಸರೆ ಹತ್ತಿರ ಬಂತೆಂದರೆ ನಮ್ಮ ದತ್ತವಾಡಕ್ಕೆ ಪುಣೆ, ಮುಂಬೈ ಬೀಗರಿಗಿಂತ ಮೊದಲು ಬಿಳಿ ಸಿಪಿಲೆ ಹಕ್ಕಿ ಹಾಜರು. ಹಿಮಾಲಯದ ಕಡೆಯಿಂದ ಸೀದಾ ದೂಧಗಂಗಾ ದಂಡೆಗೆ, ಟಿಕೆಟ್ಟಿಲ್ಲ, ರಿಸರ್ವೇಶನ್ನಿಲ್ಲ. ಬಂದದ್ದೇ ತಡ, ಕೆಸರಲ್ಲಿ ಬಾಲ ಕುಣಿಸುತ್ತ ಹುಳ ಹೆಕ್ಕಲು ಶುರು. ಚಹಾ ಕೂಡ ಕೇಳುವುದಿಲ್ಲ. ಇಂಥ ಬೀಗರು ಮನೆಗೊಬ್ಬರಿರಬೇಕು.

ಕೊಲ್ಹಾಪುರದವರ ಹಕ್ಕಿ ನೋಡುವ ಗತ್ತೇ ಬೇರೆ. ರಂಕಾಳ ಕೆರೆಯ ನೀರ ನಡುವಿನ ಸಂಧ್ಯಾಮಠವೇ ಅವರ ನಡುಗಡ್ಡೆ. ಒಂದು ಕಣ್ಣು ದುರ್ಬೀನಿಗೆ, ಇನ್ನೊಂದು ಚೌಪಾಟಿಯ ಭೇಳ್ ಗಾಡಿಗೆ. ಅಲ್ಲಿ ನಮ್ಮ ಕಾಕಾನ ಕೈಗೆ ದುರ್ಬೀನು ಕೊಟ್ಟೆ. "ಹಕ್ಕಿ ಹಾಳಾಗ್ಲಿ ಬಿಡೋ ತಮ್ಮಾ, ಅಂವ ಭೇಳಕ್ಕ ಉಳ್ಳಾಗಡ್ಡಿ ಎಷ್ಟ ಕಡಿಮಿ ಹಾಕ್ತಾನ ನೋಡಿಲ್ಲೆ!" ಅಂದ.

ಸಿಪಿಲೆ ಮಾರ್ಚ್‌ವರೆಗೂ ಇರುತ್ತದೆ. ದುರ್ಬೀನು ಬೇಡ, ಬೆಳಿಗ್ಗೆ ನದಿ ದಂಡೆಗೆ ಬನ್ನಿ. ಭೇಳ್ ಮಾತ್ರ ನೀವೇ ತನ್ನಿ.