ಬಂಗಾರವೂ ಭಂಗಾರವೂ

ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ಅಂತರವನ್ನು ಮೂವತ್ತು ವರ್ಷ ಕಾಲ ಮಕ್ಕಳಿಗೆ ಬೋಧಿಸಿ ನಿವೃತ್ತನಾದ ನನಗೆ ಆ ಅಂತರದ ನಿಜವಾದ ಬೆಲೆ ತಿಳಿದುಬಂದದ್ದು, ಹಿಡಕಲ್ ಡ್ಯಾಮಿನ ನಮ್ಮ ಓಣಿಗೆ ವಾರಕ್ಕೊಮ್ಮೆ ಕೈಗಾಡಿ ತಳ್ಳಿಕೊಂಡು ಬರುವ ಒಬ್ಬ ವ್ಯಾಪಾರಿಯಿಂದ. ಮರಾಠಿಯ ನೆರೆಯಲ್ಲಿ ಬಾಳುವ ನಮ್ಮ ಸೀಮೆಯ ಜನ ಒಡೆದ ಬಕೆಟು, ತುಕ್ಕು ಹಿಡಿದ ತಗಡು, ಕಾಲು ಮುರಿದ ಕುರ್ಚಿ ಮೊದಲಾದ ಸಮಸ್ತ ನಿರುಪಯುಕ್ತ ಪದಾರ್ಥಗಳನ್ನು ‘ಭಂಗಾರ’ ಎನ್ನುತ್ತಾರೆ. ತಿಜೋರಿಯಲ್ಲಿಟ್ಟು ಕೀಲಿ ಹಾಕತಕ್ಕದ್ದು ‘ಬಂಗಾರ’. ಎರಡರ ನಡುವೆ ಇರುವುದು ಒಂದು ಉಸಿರು ಮಾತ್ರ.

“ಭಂಗಾರ ಐತೇನ್ರೀ, ಅಕ್ಕಾರ?” ಎಂದು ಆತ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೂಗಿದಾಗ, ನನ್ನ ಸಹಧರ್ಮಿಣಿ ಕ್ಷಣಮಾತ್ರವೂ ಆಲೋಚಿಸದೆ, “ಒಂದ್ ಟ್ರಂಕ್ ತುಂಬ ಐತೆಪಾ. ಮ್ಯಾಲೆ ಮಾಸ್ತರು ಕುಂತಾರ, ಮೊದಲ ಅವರನ್ನ ಎಬ್ಬಸು” ಎಂದಳು.

ನಾನು ಅದರ ಮೇಲೆ ಕುಳಿತದ್ದು ನಿಜ. ಆ ಟ್ರಂಕಿನೊಳಗೆ ಹದಿನಾಲ್ಕು ವಿಡಿಯೋ ಕ್ಯಾಸೆಟ್ಟುಗಳೂ, ಎಣಿಸುವುದನ್ನು ಎಂದೋ ಬಿಟ್ಟುಬಿಟ್ಟ ಸಿಡಿ, ಡಿವಿಡಿಗಳೂ ಇದ್ದವು. ವ್ಯಾಪಾರಿ ಮೇಲಿನ ಒಂದು ತಟ್ಟೆಯನ್ನು ಎತ್ತಿ ಬಿಸಿಲಿಗೆ ಹಿಡಿದು, ಅದರಲ್ಲಿ ತನ್ನ ಮುಖ ನೋಡಿಕೊಂಡು, ಮೀಸೆಯನ್ನು ತಿದ್ದಿ, “ಪ್ಲಾಸ್ಟಿಕ್ ರೇಟ್ ಕೊಡತೀನ್ರಿ ಸರ. ಕವರ್ ಬ್ಯಾರೆ ತಗೀರಿ, ಅದಕ್ಕ ರದ್ದಿ ರೇಟು” ಎಂದನು. ಆತನ ಕೈಯಲ್ಲಿದ್ದುದು 1972ರ ‘ಬಂಗಾರದ ಮನುಷ್ಯ’. ಬಂಗಾರದ ಮನುಷ್ಯನು ಭಂಗಾರದ ಮನುಷ್ಯನ ಕೈಸೇರುವುದನ್ನು ಕಣ್ಣಾರೆ ಕಂಡು ಸುಮ್ಮನಿರುವಷ್ಟು ಕಠಿಣಹೃದಯ ನನ್ನದಲ್ಲವಾದುದರಿಂದ ತಟ್ಟೆಯನ್ನು ಕಸಿದುಕೊಂಡೆ. “ಹಂಗಾರ ಗೊಂಜಾಳದ ಹೊಲದಾಗರ ಕಟ್ರಿ, ಗಿಳಿ ಬರೂದಿಲ್ಲ” ಎಂಬುದು ಮನೆಯಾಕೆಯ ಪರ್ಯಾಯ ಸಲಹೆ. ಬಂಜರು ನೆಲವನ್ನು ಬಂಗಾರದ ಬೆಳೆಯಾಗಿಸಿದ ರಾಜೀವಪ್ಪನಿಗೆ ಕೊನೆಗಾಲದಲ್ಲಿ ಹೊಲ ಕಾಯುವ ಉದ್ಯೋಗ ದೊರೆಯುವುದು ಉಚಿತವೇ ಆದರೂ ನಾನು ಒಪ್ಪಲಿಲ್ಲ.

ಈ ತಟ್ಟೆಗಳ ಮೇಲಣ ವ್ಯಾಮೋಹಕ್ಕೆ ಕಾರಣವನ್ನು ಹೇಳಬೇಕಾದರೆ ಎಂಬತ್ತರ ದಶಕದ ಒಂದು ರಾತ್ರಿಗೆ ಹಿಂತಿರುಗಬೇಕು. ಜಪಾನಿನ ಜೆವಿಸಿ ಸಂಸ್ಥೆ 1976ರಲ್ಲಿ ಮಾರುಕಟ್ಟೆಗೆ ತಂದ ವಿಎಚ್‌ಎಸ್ ಕ್ಯಾಸೆಟ್ಟು, 1982ರ ದೆಹಲಿಯ ಏಷ್ಯಾಡ್ ಕ್ರೀಡೆಗಳೊಡನೆ ಬಂದ ಬಣ್ಣದ ಟಿವಿಯ ಬೆನ್ನುಹತ್ತಿ, ಸಾವಕಾಶವಾಗಿ ನಮ್ಮ ಊರುಗಳನ್ನು ಮುಟ್ಟಿತು. ಗೋಕಾಕದಿಂದ ಒಂದು ರಾತ್ರಿಯ ಬಾಡಿಗೆಗೆ ತಂದ ಟಿವಿಯನ್ನು ಕೌದಿಯಲ್ಲಿ ಸುತ್ತಿ, ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ದೇವರನ್ನು ನೆನೆಯುತ್ತ ತಂದ ಪುಣ್ಯಾತ್ಮರಲ್ಲಿ ನಾನೂ ಒಬ್ಬ. ‘ವಿಡಿಯೋ ಹಚ್ಚತಾರಂತ’ ಎಂಬ ವಾರ್ತೆ ಹಬ್ಬಿದೊಡನೆ ಅಂಗಳದಲ್ಲಿ ಚಾಪೆ, ಗೋಣಿತಟ್ಟು, ಕಂಬಳಿಗಳ ಒಂದು ಸಂಸ್ಥಾನವೇ ನೆಲೆಗೊಳ್ಳುತ್ತಿತ್ತು. ನಾಲ್ಕು ಚಿತ್ರಗಳು, ಅವುಗಳ ಕ್ರಮ ಧರ್ಮಶಾಸ್ತ್ರದಷ್ಟು ನಿಶ್ಚಿತ. ಮೊದಲನೆಯದು ಹಿರಿಯರ ಸಲುವಾಗಿ ‘ಭಕ್ತ ಕುಂಬಾರ’. ಪಾಂಡುರಂಗನು ಪ್ರತ್ಯಕ್ಷನಾದ ಗಳಿಗೆಯಲ್ಲಿ ಒಬ್ಬ ಆಯಿ ಎದ್ದು ಟಿವಿಗೆ ಆರತಿ ಎತ್ತದಿದ್ದರೆ ಚಿತ್ರ ಪೂರ್ಣವಾಗುತ್ತಿರಲಿಲ್ಲ. ಎರಡನೆಯದು ಎಲ್ಲರಿಗಾಗಿ, ಮೂರನೆಯದು ಬಡಿದಾಟಪ್ರಿಯರಾದ ತರುಣರಿಗಾಗಿ. ನಾಲ್ಕನೆಯದನ್ನು ನೋಡಲು ಎಚ್ಚರವಿರುತ್ತಿದ್ದವರು ಇಬ್ಬರೇ: ಬಾಡಿಗೆ ಕೊಟ್ಟವನು, ಕೊಟ್ಟ ಹಣ ವ್ಯರ್ಥವಾಗಬಾರದೆಂದು, ಯಂತ್ರದೊಡನೆ ಬಂದ ಹುಡುಗ, ಯಂತ್ರ ಕಳುವಾಗಬಾರದೆಂದು. ನಡುವೆ ಲೈಟು ಹೋದರೆ ಒಬ್ಬರೂ ಏಳುತ್ತಿರಲಿಲ್ಲ. ಕತ್ತಲಲ್ಲೇ ಚುರಮುರಿಯ ಬುಟ್ಟಿ ಸುತ್ತು ಹೊಡೆಯುತ್ತಿತ್ತು.

ಕ್ಯಾಸೆಟ್ಟಿನ ತರುವಾಯ ಸಿಡಿ ಬಂತು. ಒಂದು ವಿಡಿಯೋ ಸಿಡಿಯಲ್ಲಿ ಹಿಡಿಯುವುದು 74 ನಿಮಿಷಗಳ ಚಿತ್ರ. ನಮ್ಮ ಕಥಾನಾಯಕರಿಗಾದರೋ ತಾಯಿಯನ್ನು ಗುರುತಿಸುವುದಕ್ಕೇ ಅಷ್ಟು ಸಮಯ ಬೇಕು. ಆದಕಾರಣ ಪ್ರತಿಯೊಂದು ಚಿತ್ರವೂ ಎರಡು ಮೂರು ತಟ್ಟೆಗಳಾಗಿ ವಿಭಾಗಗೊಂಡು, ನಾಯಕನು ಎತ್ತಿದ ಮುಷ್ಟಿ ಖಳನ ಗಲ್ಲವನ್ನು ತಲುಪುವ ಮುನ್ನ, ಯಾರಾದರೂ ಎದ್ದುಹೋಗಿ ತಟ್ಟೆ ಬದಲಿಸಿ ಬರುವವರೆಗೆ ಉಭಯತರೂ ವಿಶ್ರಾಂತಿ ಪಡೆಯುವ ಸೌಕರ್ಯ ಏರ್ಪಟ್ಟಿತು. 2007ರಲ್ಲಿ ಮೋಸರ್ ಬೇರ್ ಸಂಸ್ಥೆ 28 ರೂಪಾಯಿಗೆ ಒಂದು ಸಿನಿಮಾದ ಸಿಡಿ ಕೊಡಲಾರಂಭಿಸಿದಾಗಲಂತೂ, ಅರ್ಧ ಕಿಲೋ ಕರದಂಟು ತರಲು ಗೋಕಾಕಕ್ಕೆ ಹೋದ ನಾನು ಕಾಲು ಕಿಲೋ ಕರದಂಟನ್ನೂ ಮೂರು ಚಲನಚಿತ್ರಗಳನ್ನೂ ತಂದು, ತೂಕದ ವಿಷಯದಲ್ಲಿ ಮನೆಯಲ್ಲಿ ವಿವರಣೆ ಕೊಡಬೇಕಾದ ಪ್ರಸಂಗಗಳು ಒದಗಿದವು.

ನನ್ನ ಸಂಗ್ರಹದ ಶಿರೋರತ್ನವೆಂದರೆ ಪಾರಿಜಾತ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡ, ಕೌಜಲಗಿ ನಿಂಗಮ್ಮನ ಕಂಠದಿಂದ ನಾಡೆಲ್ಲ ಮೆರೆದ ‘ಶ್ರೀಕೃಷ್ಣ ಪಾರಿಜಾತ’ ಹುಟ್ಟಿ ಬೆಳೆದದ್ದು ನಮ್ಮ ಈ ನೆಲದಲ್ಲಿಯೇ. ಸ್ಥಳೀಯ ಸ್ಟುಡಿಯೋದವರೊಬ್ಬರು ಜಾತ್ರೆಯ ರಾತ್ರಿ ಇಡೀ ಆಟವನ್ನು ಸೆರೆಹಿಡಿದು ಆರು ಸಿಡಿಗಳಲ್ಲಿ ತುಂಬಿಕೊಟ್ಟರು. ರುಕ್ಮಿಣಿಗೆ ಹೂವು ದೊರೆತ ಸುದ್ದಿ ಕೇಳಿ ಸತ್ಯಭಾಮೆ ಮುನಿದು ಮಲಗುವುದು ಮೂರನೆಯ ಸಿಡಿಯ ಕೊನೆಗೆ. ನಾಲ್ಕನೆಯದನ್ನು ‘ನಾಳೆ ಕೊಡತೀನ್ರಿ’ ಎಂದು ಒಬ್ಬ ಸಜ್ಜನರು ಒಯ್ದದ್ದು 2004ರಲ್ಲಿ. ಅಂದಿನಿಂದ ನಮ್ಮ ಮನೆಯಲ್ಲಿ ಸತ್ಯಭಾಮೆ ಮುನಿಸು ತಿಳಿದೆದ್ದಿಲ್ಲ. ಕೃಷ್ಣನ ಪ್ರಯತ್ನಗಳೆಲ್ಲವೂ ಯಾರದೋ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ.

ಹೀಗಿರಲು, ಪುಣೆಯಲ್ಲಿ ನೌಕರಿಯಲ್ಲಿರುವ ಮಗ ದೀಪಾವಳಿಗೆ ಬಂದವನು ಗೋಡೆಯಗಲದ ಒಂದು ಟಿವಿಯನ್ನು ತಂದು ನಿಲ್ಲಿಸಿ, “ಅಪ್ಪಾ, ಇನ್ನ ಆ ಟ್ರಂಕ್ ತಗೀರಿ. ಎಲ್ಲಾ ಇದರಾಗ ಹರದು ಬರತೈತಿ” ಎಂದನು. ‘ಹರಿದು ಬರುತ್ತದೆ’ ಎಂಬ ಆ ಮಾತು ನನ್ನನ್ನು ಚಿಂತೆಗೀಡುಮಾಡಿತು. ಹರಿಯುವುದರ ವಿಷಯದಲ್ಲಿ ನಮ್ಮ ಊರಿನವರಿಗೆ ಉಪದೇಶ ಮಾಡುವುದು ಸುಲಭವಲ್ಲ. ಶ್ರಾವಣದಲ್ಲಿ ಗೋಕಾಕದ ಜಲಪಾತ 52 ಮೀಟರ್ ಎತ್ತರದಿಂದ ಭೋರ್ಗರೆಯುವಾಗ ಅದರ ಎದುರು ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವವರು ಅಸಂಖ್ಯ. ಚೈತ್ರದಲ್ಲಿ ಅದೇ ಜಾಗಕ್ಕೆ ಹೋದರೆ ಬರಿಯ ಬಂಡೆ ಬಾಯ್ದೆರೆದು ಬಿಸಿಲು ಕುಡಿಯುತ್ತಿರುತ್ತದೆ. ಹರಿಯುವ ಹೊಳೆಯನ್ನು ನಂಬಿ ಒಕ್ಕಲುತನ ಮಾಡಲಾಗದೆಂದು ತಿಳಿದೇ 1897ರಲ್ಲಿ ಧೂಪದಾಳದಲ್ಲಿ ಒಡ್ಡು ಕಟ್ಟಿದರು; ಅದು ಸಾಲದೆಂದು ಸ್ವಾತಂತ್ರ್ಯಾನಂತರ ನಮ್ಮ ಹಿಡಕಲ್ಲಿನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವನ್ನು ನಿರ್ಮಿಸಿದರು. ಬೇಸಿಗೆಯಲ್ಲಿ ಕೊಡ ತುಂಬುವುದು ಕಟ್ಟಿಟ್ಟ ನೀರಿನಿಂದಲೇ ಹೊರತು ಕಣ್ತುಂಬ ನೋಡಿದ ಹೊಳೆಯಿಂದಲ್ಲ.

ನನ್ನ ಆಶಂಕೆ ಸುಳ್ಳಾಗಲಿಲ್ಲ. ಒಂದು ಶನಿವಾರ ರಾತ್ರಿ ಹಳೆಯ ಚಿತ್ರವೊಂದನ್ನು ಅರ್ಧಕ್ಕೆ ನಿಲ್ಲಿಸಿ ಮಲಗಿದೆ. ಸೋಮವಾರ ಉಳಿದರ್ಧಕ್ಕೆ ಕುಳಿತರೆ ‘ಈ ಚಿತ್ರ ಈಗ ಲಭ್ಯವಿಲ್ಲ’ ಎಂಬ ಒಕ್ಕಣೆ. ಮಗನಿಗೆ ಫೋನು ಮಾಡಿದರೆ, “ಅವರ ಕರಾರು ಮುಗದಿರಬೇಕಪಾ” ಎಂದನು. ಯಾರ ಕರಾರು, ಯಾರೊಡನೆ? ತಿಂಗಳು ತಿಂಗಳೂ ಹಣ ತೆರುತ್ತಿದ್ದ ನಾನು ಒಡೆಯನೆಂದು ಭ್ರಮಿಸಿದ್ದೆ. ವಾಸ್ತವವಾಗಿ ಲಾವಣಿಗೆ ಹೊಲ ಮಾಡಿದವನು, ಬೆಳೆ ತೆನೆಯಲ್ಲಿರುವಾಗಲೇ ಬದುವಿನಿಂದ ಆಚೆಗೆ ನಿಂತಿದ್ದೆ. ಹಣ ಕೊಟ್ಟು ಕೊಂಡವರ ಸ್ಥಿತಿಯೂ ಮೇಲಲ್ಲ. 2009ರಲ್ಲಿ ಅಮೆಜಾನ್ ಸಂಸ್ಥೆ ತಾನು ಮಾರಿದ್ದ ಪುಸ್ತಕವೊಂದನ್ನು ಹಣ ಮರಳಿಸಿ, ಕೊಂಡವರ ಕಿಂಡಲ್‌ಗಳೊಳಗಿಂದ ದೂರದಿಂದಲೇ ಅಳಿಸಿಹಾಕಿತು. ಆ ಪುಸ್ತಕ, ಸರಕಾರವು ಹಳೆಯ ದಾಖಲೆಗಳನ್ನು ಅಳಿಸಿಹಾಕುವ ಕಥೆಯಾದ ಆರ್ವೆಲ್ಲನ ‘1984’! ವಿಧಿಗೂ ಲಲಿತ ಪ್ರಬಂಧ ಬರೆಯುವ ಚಪಲವಿದೆಯೆಂದು ತೋರುತ್ತದೆ.

ಮನೆಮನೆಯಲ್ಲಿ ಪ್ರತಿಗಳಿರುವುದರ ಮಹತ್ವವನ್ನು ಮನಗಾಣಿಸಲು ನಾನು ಗೃಹಿಣಿಗೆ ಎರಡು ದೃಷ್ಟಾಂತಗಳನ್ನು ಹೇಳಿದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’, ಇಂದು ನೋಡಬೇಕೆಂದರೆ ಒಂದು ಪ್ರತಿಯೂ ಉಳಿದಿಲ್ಲ. ಯಾರ ಮನೆಯ ಟ್ರಂಕಿನಲ್ಲಿಯೂ ಅದು ಇರಲಿಲ್ಲ. ತದ್ವಿರುದ್ಧವಾಗಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಹಗಲಿರುಳೂ ಟಿವಿ ವಾರ್ತೆಗಳನ್ನು ಮುದ್ರಿಸಿಕೊಂಡು ಸುಮಾರು 70,000 ಕ್ಯಾಸೆಟ್ಟುಗಳನ್ನು ಬಿಟ್ಟುಹೋದಳು; ವಾಹಿನಿಗಳೇ ಕಾಪಾಡದಿದ್ದುದನ್ನು ಒಬ್ಬಳು ಕಾಪಾಡಿದಳು. ಎಲ್ಲವನ್ನೂ ಶ್ರದ್ಧೆಯಿಂದ ಆಲಿಸಿದ ಬಳಿಕ ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ: “ಆಕಿ ಮನ್ಯಾಗ ಕಸಾ ಯಾರ ಹೊಡೀತಿದ್ರಂತ?”

ಆ ಪ್ರಶ್ನೆಯಲ್ಲಿ ನ್ಯಾಯವಿಲ್ಲದಿಲ್ಲ. ಕೂಡಿಡುವುದಕ್ಕೆ ಜಾಗ ಬೇಕು. ಆ ಜಾಗವನ್ನು ಯಾರೋ ಒಬ್ಬರು ತೆರಬೇಕು. ನಮ್ಮ ಜಲಾಶಯಕ್ಕಾಗಿಯೂ ಊರುಗಳು ಎದ್ದುಹೋದವು. ಹುನ್ನೂರಿನ ವಿಠ್ಠಲನಂತೂ ಗುಡಿಸಹಿತ ನೀರಿನಲ್ಲಿಯೇ ನಿಂತು, ಬೇಸಿಗೆಯಲ್ಲಿ ನೀರಿಳಿದಾಗ ಮಾತ್ರ ಭಕ್ತರಿಗೆ ದರ್ಶನವೀಯುತ್ತಾನೆ. ಇನ್ನು ಕೂಡಿಟ್ಟದ್ದು ಚಿರಂಜೀವಿಯೂ ಅಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಕೈಬಿಟ್ಟಿತು. ಅಂದರೆ ನನ್ನ ಹದಿನಾಲ್ಕು ಕ್ಯಾಸೆಟ್ಟುಗಳು ಕಾಲುವೆಯಿಲ್ಲದ ಕೆರೆಗಳು. ಆಣೆಕಟ್ಟಿನ ಮಗ್ಗುಲಿನ ಮಳೆಗಾಲದ ತಂಪಿಗೆ ಅವುಗಳ ಮೇಲೆ ಉಪ್ಪಿನಕಾಯಿಯ ಮೇಲೇಳುವಂಥ ಬಿಳಿಯ ಬೂಜು ಬೇರೆ.

ಆದರೂ ಅವುಗಳಲ್ಲೊಂದನ್ನು ಉಳಿಸಲೇಬೇಕಾಗಿತ್ತು: 1990ರ ಮೇ ತಿಂಗಳಿನ ನಮ್ಮ ಮದುವೆ. ಘಟಪ್ರಭೆಯ ಸ್ಟುಡಿಯೋ ಒಂದರಲ್ಲಿ ಇನ್ನೂ ಉಸಿರಾಡುತ್ತಿರುವ ಒಂದು ವಿಸಿಆರ್ ಇದೆಯೆಂದು ತಿಳಿದು, ಅಂಗಲಾಚಿ, ಎರಡು ದಿನಕ್ಕೆ ಬಾಡಿಗೆಗೆ ತಂದೆ. ಈ ಬಾರಿಯೂ ಕೌದಿಯಲ್ಲಿ ಸುತ್ತಿಯೇ. ಕ್ಯಾಸೆಟ್ಟಿನ ಶುಶ್ರೂಷೆಗೆ ಒಂದು ಮಧ್ಯಾಹ್ನ ಹಿಡಿಯಿತು. ಪಕ್ಕದ ಸಣ್ಣ ಗುಂಡಿಯನ್ನೊತ್ತಿದರೆ ಮುಂಭಾಗದ ರೆಪ್ಪೆ ತೆರೆದುಕೊಳ್ಳುತ್ತದೆ. ಅಡಿಯ ನಡುವಣ ರಂಧ್ರದಲ್ಲಿ ಪೆನ್ಸಿಲಿನ ಮೊನೆಯನ್ನು ಊರಿದರೆ ಒಳಗಿನ ಎರಡು ಚಕ್ರಗಳ ಬಿಗಿ ಸಡಿಲುತ್ತದೆ. ಆಗ ಬೆರಳಿನಿಂದ ಚಕ್ರವನ್ನು ತಿರುವುತ್ತ, ಅರ್ಧ ಅಂಗುಲ ಅಗಲದ ಆ ಕಂದು ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ, ಕೂಸಿನ ಕಿವಿ ಒರೆಸುವ ನಾಜೂಕಿನಿಂದ ಒರೆಸಿಕೊಳ್ಳುತ್ತ ಹೋಗಬೇಕು. ಮೂರು ಗಂಟೆಯ ಕ್ಯಾಸೆಟ್ಟಿನೊಳಗಿನ ಪಟ್ಟಿಯ ಉದ್ದ ಸುಮಾರು 250 ಮೀಟರ್, ಎಂದರೆ ಗೋಕಾಕದ ಜಲಪಾತವನ್ನು ಐದು ಸಲ ಇಳಿದಷ್ಟು. ಕೊನೆಯ ಜಲಪಾತವನ್ನು ಇಳಿಯುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು.

ಚಿತ್ರ ಮೂಡಿತು. ಮೊದಲಿಗೆ ಒಂದು ಗುಲಾಬಿ ಅರಳಿ, ಅದರ ಗರ್ಭದಿಂದ ಬಾಸಿಂಗ ಸಹಿತ ನನ್ನ ಮುಖ ಹೊರಹೊಮ್ಮಿತು. ಆ ಕಾಲದಲ್ಲಿ ಅದಕ್ಕೆ ‘ಮಿಕ್ಸಿಂಗ್’ ಎನ್ನುತ್ತಿದ್ದರು, ಅದಕ್ಕಾಗಿ ಬೇರೆ ಹಣ ಕೊಟ್ಟಿದ್ದೆವು. ಅಕ್ಷತೆ ಬೀಳಬೇಕೆನ್ನುವಷ್ಟರಲ್ಲಿ ಹಠಾತ್ತನೆ ಹಸಿರು ಮೈದಾನವೊಂದು ಕಾಣಿಸಿಕೊಂಡು, ಹನ್ನೊಂದು ನಿಮಿಷ ಪರ್ಯಂತ ಕ್ರಿಕೆಟ್ ಪಂದ್ಯ ನಡೆಯಿತು; ಎಂದೋ ಎರವಲು ಒಯ್ದ ಬೀಗರ ಪೈಕಿ ಹುಡುಗನೊಬ್ಬನ ಕೈವಾಡ. ಶಾಸ್ತ್ರೋಕ್ತವಾಗಿ ನಮ್ಮ ವಿವಾಹವಾಯಿತೆಂಬುದಕ್ಕೆ ಈಗ ದೃಶ್ಯ ಪ್ರಮಾಣವಿಲ್ಲ. ಮೈದಾನ ಮರೆಯಾದಾಗ ನಾವಿಬ್ಬರೂ ದಂಪತಿಗಳಾಗಿ ಕುಳಿತಿದ್ದೆವು. ಮೈಕಿನಲ್ಲಿ ಆಯೇರಿ ಕೂಗುತ್ತಿದ್ದರು. ಅಷ್ಟುಹೊತ್ತೂ ಕಾಯಿಪಲ್ಲೆ ಸೋಸುತ್ತ ಅರೆಗಣ್ಣಿನಲ್ಲಿ ನೋಡುತ್ತಿದ್ದ ಮನೆಯಾಕೆ ಧಿಗ್ಗನೆದ್ದು, “ನಿಂದರ್ಸ್ರಿ, ನಿಂದರ್ಸ್ರಿ!” ಎಂದು ಕೂಗಿದಳು. ನಿಲ್ಲಿಸಿದೆ. ನಡುಗುತ್ತ ನಿಂತ ಆ ಚಿತ್ರದಲ್ಲಿ, ಅವಳ ತಂದೆಯ ಪಕ್ಕದಲ್ಲಿ, ಕಂಠದ ಸುತ್ತ ಹೆಸರು ಕೊರೆಸಿದ ಒಂದು ತಾಮ್ರದ ಹಂಡೆ ದೇದೀಪ್ಯಮಾನವಾಗಿ ಹೊಳೆಯುತ್ತಿತ್ತು.

“ನಮ್ಮ ಅಪ್ಪ ಕೊಟ್ಟ ಹಂಡೆ! ಕಾರ್ಯಕ್ಕ ಅಂತ ಒಯ್ದ ನಿಮ್ಮ ಕಾಕಾನ ಮನಿಯವರು ತಿರಗಿ ತಂದು ಕೊಡಲೇ ಇಲ್ಲ. ಎಂಥಾ ಹಂಡೆ ಇತ್ತ ಅದು!”

“ಇರದೇನು? ಹನ್ನೊಂದು ಕಿಲೋ ನಾನೂರು ಗ್ರಾಂ!” ಎಂದು, ದೃಶ್ಯದ ಸ್ಫುಟತೆಗೆ ಪರವಶನಾಗಿದ್ದ ನಾನು ದನಿಗೂಡಿಸಿದೆ.

ಮನೆಯಲ್ಲಿ ಯಂತ್ರದ ಗುಂಯ್‌ಗುಡುವಿಕೆಯ ವಿನಾ ಬೇರೆ ಸದ್ದಿರಲಿಲ್ಲ. “ತೂಕ ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದು ಅವಳು ಬಹು ಮೆಲ್ಲನೆ ಕೇಳಿದಳು. ಹಂಡೆಯನ್ನು ತುಂಬುವವರುಂಟು, ತೊಳೆಯುವವರುಂಟು. ತೂಗತಕ್ಕವನು ಜಗತ್ತಿನಲ್ಲಿ ಒಬ್ಬನೇ. 2001ರಲ್ಲಿ ನಮ್ಮ ಮನೆಗೆ ಬಂದ ಮೊದಲ ಸಿಡಿ ಪ್ಲೇಯರಿನ ಹಣದ ಮೂಲವನ್ನು ನಾನು ಅಂದೇ ಹೇಳಬೇಕಾಯಿತು. ಆ ರಾತ್ರಿ, ಕಟ್ಟಿಟ್ಟ ನೀರಿಗಿಂತ ಹರಿಯುವ ನೀರೇ ಮೇಲೆಂಬ ಪಕ್ಷದಲ್ಲಿಯೂ ಸಾಕಷ್ಟು ತಥ್ಯವಿದೆಯೆಂದು ನನಗೆ ಜೀವನದಲ್ಲಿ ಮೊದಲ ಬಾರಿಗೆ ತೋರಿತು.

ಈಗ ಟ್ರಂಕಿನ ಗೊಡವೆಗೆ ಯಾರೂ ಬರುವುದಿಲ್ಲ. ಮದುವೆಯ ಕ್ಯಾಸೆಟ್ಟು ಮಾತ್ರ ಅದರಲ್ಲಿಲ್ಲ. ತಿಜೋರಿಯೊಳಗೆ, ಬಿಲ್ವಾರ ಪಾಟಲಿಗಳ ಜೊತೆಗೆ, ನನಗೆ ತಿಳಿಯದ ಕೀಲಿಯಡಿ ಇದೆ. ಕೈಗಾಡಿಯವನು ಎಂದಿನಂತೆ ವಾರಕ್ಕೊಮ್ಮೆ ಬಂದು “ಭಂಗಾರ ಐತೇನ್ರೀ, ಅಕ್ಕಾರ?” ಎನ್ನುತ್ತಾನೆ. ಮನೆಯಾಕೆ ಇಲ್ಲವೆಂದು ಕೈಯಾಡಿಸಿ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ ವಿಚಾರಿಸುತ್ತಾಳೆ: “ತಾಂಬರದ ಧಾರಣಿ ಏನೈತೆಪಾ ಇವತ್ತ?”

ಧಾರಣಿ ಏರುತ್ತಲೇ ಇದೆ.